ಗಡಿಗೆರೆಯ ಈಚೆ ನಾಲ್ಕು ಅಡಿ: ಬಡಾವಣೆಯ ಷರತ್ತು, ಕಟ್ಟಡ ಪರಿಶೀಲನೆ, ವಿನಾಯಿತಿ

ಮನೆ ಕಟ್ಟಲು ಬಡಾವಣೆಯ ಅಸೋಸಿಯೇಷನ್ ಕೊಡುವ ಒಪ್ಪಿಗೆ ಮತ್ತು ಷರತ್ತಿನಿಂದ ಕೇಳುವ ವಿನಾಯಿತಿ, ಈ ಎರಡರ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ತಮಿಳುನಾಡಿನ ಹೊಸೂರಿನ ಸುತ್ತಮುತ್ತಲಿನವು. ಕಾಸರಗೋಡು ಮತ್ತು ಸೊಲ್ಲಾಪುರದಿಂದಲೂ ಒಂದೊಂದಿದೆ. ಬರೆದವರ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಬಾಗಲೂರು ರಸ್ತೆಯಲ್ಲಿ ನಮ್ಮದು 84 ಸೈಟುಗಳ ಬಡಾವಣೆ. ಸೈಟು ಕೊಂಡವರು ಒಬ್ಬೊಬ್ಬರಾಗಿ ಮನೆ ಕಟ್ಟುತ್ತಿದ್ದಾರೆ. ಎಲಿವೇಷನ್ನಿನ (ಮನೆಯ ಹೊರನೋಟದ) ಬಣ್ಣದ ಚಿತ್ರವೊಂದನ್ನು ತಂದುಕೊಟ್ಟು ಆಕ್ಷೇಪಣೆ ಇಲ್ಲವೆಂಬ ಪತ್ರ, ಅಂದರೆ ಎನ್‌ಒಸಿ ಕೇಳುತ್ತಾರೆ. ಕಮಿಟಿ ಏನೇನು ಕೇಳಬೇಕು? ಎಷ್ಟು ದಿನದಲ್ಲಿ ಉತ್ತರ ಕೊಡಬೇಕು?

ಉತ್ತರ: ಬಣ್ಣದ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ಅದರಲ್ಲಿ ಅಳತೆ ಇರುವುದಿಲ್ಲ, ಪಕ್ಕದ ಮನೆ ಇರುವುದಿಲ್ಲ, ಮಳೆ ನೀರು ಎಲ್ಲಿಗೆ ಹೋಗುತ್ತದೆ ಎಂಬುದಂತೂ ಇರುವುದೇ ಇಲ್ಲ.

ನಿಮಗೆ ಬೇಕಾದದ್ದು ಅಳತೆ ಹಾಕಿದ ನಕ್ಷೆಗಳು. ಮೊದಲನೆಯದು 1:100 ಪ್ರಮಾಣದ ಸೈಟ್ ಪ್ಲಾನ್. ನಾಲ್ಕೂ ಗಡಿಕಲ್ಲು, ನಾಲ್ಕೂ ಕಡೆ ಗಡಿಗೂ ಗೋಡೆಗೂ ನಡುವೆ ಬಿಡುವ ಜಾಗ ಅಂದರೆ ಸೆಟ್‌ಬ್ಯಾಕ್, ಸಂಪು, ಸೆಪ್ಟಿಕ್ ಟ್ಯಾಂಕ್, ಬೋರ್‌ವೆಲ್, ಗೇಟು, ಕಾರಿನ ಇಳಿಜಾರು, ಜೊತೆಗೆ ಪಕ್ಕದ ಎರಡು ಮನೆಗಳ ಗೋಡೆ ಮತ್ತು ಕಿಟಕಿ ಅದರಲ್ಲಿ ಕಾಣಬೇಕು. ಪ್ರತಿ ಮಹಡಿಯ ಪ್ಲಾನ್ ಬೇಕು, ಮುಂದಿನದಷ್ಟೇ ಅಲ್ಲದೆ ನಾಲ್ಕೂ ಕಡೆಯ ಎಲಿವೇಷನ್ ಬೇಕು. ಅಡ್ಡ ಕತ್ತರಿಸಿ ತೋರಿಸುವ ಒಂದು ಸೆಕ್ಷನ್ ಬೇಕು. ಅದರಲ್ಲಿ ಎಲ್ಲ ಎತ್ತರವನ್ನೂ ರಸ್ತೆಯ ನಡುಬೆನ್ನಿನಿಂದ ಅಳೆದು ಬರೆದಿರಬೇಕು. 'ನೆಲಮಟ್ಟದಿಂದ' ಎಂದು ಬರೆದರೆ ಒಪ್ಪಬೇಡಿ. ಮೂರು ಅಡಿ ಮಣ್ಣು ತುಂಬಿ ಅದನ್ನೇ ನೆಲಮಟ್ಟ ಎನ್ನುವವರಿದ್ದಾರೆ, ಆಮೇಲೆ ಆ ಮಣ್ಣಿನ ನೀರು ಪಕ್ಕದವರ ಪಾಯಕ್ಕೆ ಇಳಿಯುತ್ತದೆ. ಕೊನೆಯದು ನೀರಿನ ನಕ್ಷೆ: ತಾರಸಿಯ ಪ್ರತಿ ಕೊಳವೆ ಎಲ್ಲಿ ಇಳಿಯುತ್ತದೆ, ಇಂಗುಗುಂಡಿ ಎಲ್ಲಿ, ಉಕ್ಕಿದ್ದು ಯಾವ ಮೋರಿಗೆ.

ದಿನಗಳ ಲೆಕ್ಕ ಹೀಗಿಟ್ಟುಕೊಳ್ಳಿ. ಅರ್ಜಿ ಬಂದ 7 ದಿನದೊಳಗೆ ಎಲ್ಲ ಕಾಗದ ಇದೆಯೇ ನೋಡಿ, ಕಮ್ಮಿ ಇದ್ದರೆ ಏನು ಕಮ್ಮಿ ಎಂದು ಒಂದೇ ಸಲ ಬರೆದು ತಿಳಿಸಿ. ಪೂರ್ತಿ ಅರ್ಜಿ ಕೈಸೇರಿದ ದಿನದಿಂದ 30 ದಿನದೊಳಗೆ ಒಪ್ಪಿಗೆಯನ್ನೋ ತಿದ್ದುಪಡಿಯನ್ನೋ ನಿರಾಕರಣೆಯನ್ನೋ ಬರವಣಿಗೆಯಲ್ಲಿ ಕೊಡಿ. ಗಡುವು ಮೀರಿದರೆ ಒಪ್ಪಿಗೆ ಸಿಕ್ಕಂತೆ ಎಂಬ ಮಾತನ್ನು ಬೈಲಾಕ್ಕೆ (ಸಂಘದ ಒಳನಿಯಮಕ್ಕೆ) ಸೇರಿಸುವುದು ನ್ಯಾಯ. ಆದರೆ ಅದು ಷರತ್ತಿಗೆ ಸರಿಯಾಗಿ ಹೊಂದುವ ನಕ್ಷೆಗೆ ಮಾತ್ರ. ವಿನಾಯಿತಿ ಕೇಳಿದ ಅರ್ಜಿಗೆ ಮೌನವೆಂದರೆ ಒಪ್ಪಿಗೆ ಎಂದು ಎಂದೂ ಬರೆಯಬೇಡಿ.

ತಮಿಳುನಾಡಿನಲ್ಲಿ 2024ರ ಜುಲೈನಿಂದ 2,500 ಚದರಡಿವರೆಗಿನ ಸೈಟಿನಲ್ಲಿ 3,500 ಚದರಡಿವರೆಗಿನ ಮನೆಗೆ ಸ್ವಯಂ ದೃಢೀಕರಣದ ಮೇಲೆ ಆನ್‌ಲೈನಿನಲ್ಲಿ ತಕ್ಷಣ ಅನುಮತಿ ಸಿಗುತ್ತಿದೆ. ಜನರಿಗೆ ಇದು ದೊಡ್ಡ ಅನುಕೂಲವೇ. ಆದರೆ ಕಟ್ಟುವ ಮೊದಲು ಸ್ಥಳಕ್ಕೆ ಬಂದು ಟೇಪು ಹಿಡಿಯುವವರು ಈಗ ಯಾರೂ ಇಲ್ಲ. ಹಾಗಾಗಿ ನಿಮ್ಮ ಕಮಿಟಿಯ ಪರಿಶೀಲನೆಗೆ ಮೊದಲಿಗಿಂತ ತೂಕ ಹೆಚ್ಚು. ಕರಡು ನಕ್ಷೆ ಮೊದಲು ಕಮಿಟಿಗೆ, ಆಮೇಲೆ ಸರ್ಕಾರದ ಅನುಮತಿಗೆ, ಅನುಮತಿ ಸಿಕ್ಕ ಪ್ರತಿ ಮತ್ತೆ ಕಮಿಟಿಯ ಕಡತಕ್ಕೆ. ನಿಮ್ಮ ಎನ್‌ಒಸಿಯಲ್ಲಿ 'ಇದು ಕಾನೂನುಬದ್ಧ ಕಟ್ಟಡ ಅನುಮತಿಯ ಬದಲಿಯಲ್ಲ' ಎಂಬ ಸಾಲು ಇರಲೇಬೇಕು.

ಕಾಗದ ಎಷ್ಟೇ ಸರಿಯಿದ್ದರೂ ತಪ್ಪು ಆಗುವುದು ದಾರ ಕಟ್ಟುವ ದಿನ. ಸೈಟು 32 ಅಡಿ ಅಗಲ, 42 ಅಡಿ ಉದ್ದ ಎಂದಿಟ್ಟುಕೊಳ್ಳಿ. ಮುಂದೆ 6, ಹಿಂದೆ 4, ಎರಡು ಪಕ್ಕಕ್ಕೂ 4 ಅಡಿ ಬಿಟ್ಟರೆ ಮನೆಯ ಹೊರಗೆರೆ 24 ಅಡಿಗೆ 32 ಅಡಿ. ಮೇಸ್ತ್ರಿ ದಾರ ಕಟ್ಟುವುದು ಗೋಡೆಯ ನಡುಗೆರೆಗೆ. ಗಡಿಯಿಂದ ಸರಿಯಾಗಿ 4 ಅಡಿ ಅಳೆದು ಅಲ್ಲೇ ನಡುಗೆರೆಯ ದಾರ ಕಟ್ಟಿದನೆಂದರೆ, ಒಂಬತ್ತು ಇಂಚಿನ ಗೋಡೆಯ ಅರ್ಧ, ಅಂದರೆ ನಾಲ್ಕೂವರೆ ಇಂಚು ಹೊರಗೆ ಬರುತ್ತದೆ. ಅದರ ಮೇಲೆ ಮುಕ್ಕಾಲು ಇಂಚು ಪ್ಲಾಸ್ಟರ್. ಮನೆ ಮುಗಿದಾಗ ಉಳಿದದ್ದು 3 ಅಡಿ 6¾ ಇಂಚು. ಯಾರೂ ಮೋಸ ಮಾಡಿಲ್ಲ, ಆದರೂ ಎರಡು ಮನೆಯವರು ಮಾತು ಬಿಡುತ್ತಾರೆ. ನಡುಗೆರೆಯ ದಾರ ಗಡಿಯಿಂದ 4 ಅಡಿ 5¼ ಇಂಚಿಗೆ ಇರಬೇಕು; ಕಲ್ಲಿನ ಹೊದಿಕೆ ಹಾಕುವವರಾದರೆ ಅದರ ದಪ್ಪವನ್ನೂ ಕೂಡಿಸಬೇಕು. ಸೆಟ್‌ಬ್ಯಾಕ್ ಎಂದರೆ ಮುಗಿದ ಗೋಡೆಯ ಮೈಯಿಂದ ಗಡಿಗೆರೆಯವರೆಗೆ ಎಂದು ನಿಮ್ಮ ನಿಯಮದಲ್ಲೇ ಬರೆದುಬಿಡಿ. ಆ ದಿನ ಮೂಲೆಯಿಂದ ಮೂಲೆಗೂ ಅಳೆಯಿರಿ: 24ಕ್ಕೆ 32ರ ಹೊರಗೆರೆಗೆ ಎರಡೂ ಕರ್ಣ ಸರಿಯಾಗಿ 40 ಅಡಿ ಬರಬೇಕು. ಒಂದು 40, ಇನ್ನೊಂದು 40 ಅಡಿ 4 ಇಂಚು ಬಂದರೆ ಮನೆ ಸೊಟ್ಟಗೆ ಕೂರುತ್ತಿದೆ, ಹಿಂದಿನ ಮೂಲೆಯಲ್ಲಿ ಸೆಟ್‌ಬ್ಯಾಕ್ ತಿನ್ನುತ್ತದೆ.

ಅಳತೆಯನ್ನು ಗಡಿಕಲ್ಲಿನಿಂದ ಹಿಡಿಯಿರಿ, ಕಾಂಪೌಂಡ್ ಗೋಡೆಯಿಂದ ಹಿಡಿಯಬೇಡಿ. ಕಲ್ಲು ಸಿಗದಿದ್ದರೆ ಸರ್ವೇಯರ್ ಬಂದು ಗುರುತಿಸುವ ತನಕ ಪಾಯ ತೋಡುವುದು ಬೇಡ. ಇದಾದ ಮೇಲೆ ಪಾಯದ ಮಟ್ಟ ಮುಗಿದಾಗ ಒಮ್ಮೆ, ಮೊದಲ ಮೋಲ್ಡ್‌ಗೆ ಶಟರಿಂಗ್, ಅಂದರೆ ಕಾಂಕ್ರೀಟು ಸುರಿಯುವ ಹಲಗೆಯ ಅಚ್ಚು, ಆದಾಗ ಇನ್ನೊಮ್ಮೆ ನೋಡಿ. ಎರಡನೆಯದು ಮುಖ್ಯ: ಸಜ್ಜಾ, ಬಾಲ್ಕನಿ ಎಷ್ಟು ಹೊರಚಾಚುತ್ತದೆಂದು ಹಲಗೆಯ ಮೇಲೇ ಕಾಣುತ್ತದೆ, ಹಲಗೆ ಕೊಯ್ಯಲು ಅರ್ಧ ದಿನ ಸಾಕು. ಕಾಂಕ್ರೀಟು ಬಿದ್ದ ಮೇಲೆ ಅದು ವರ್ಷಗಳ ಜಗಳ.

ಪ್ರಶ್ನೆ: ಮತ್ತಿಗಿರಿ ಹತ್ತಿರದ ಬಡಾವಣೆಯಲ್ಲಿ ನನ್ನ ಸೈಟು ಮೊರದ ಆಕಾರದ್ದು. ಮುಂದೆ 36 ಅಡಿ, ಹಿಂದೆ 20 ಅಡಿ. ಅಸೋಸಿಯೇಷನ್ ಷರತ್ತಿನಂತೆ ಎರಡೂ ಪಕ್ಕ 5 ಅಡಿ ಬಿಡಬೇಕು. ಹಿಂಭಾಗದಲ್ಲಿ ಒಂದು ಪಕ್ಕ ಮೂರೂವರೆ ಅಡಿಗೆ ಇಳಿಸಿಕೊಡಿ ಎಂದು ಕೇಳಿದೆ. 'ನಿಮಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಇದು ಸರಿಯೇ?

ಉತ್ತರ: ಸರಿಯಲ್ಲ. ಎಲ್ಲರ ಸೈಟೂ ಮೊರದ ಆಕಾರದ್ದಾಗಿದ್ದರೆ ಆ ಮಾತು ಸರಿ. ವಿನಾಯಿತಿ ಇರುವುದೇ ಇಂಥ ಸೈಟಿಗಾಗಿ. ಅದನ್ನು ಕಮಿಟಿ ಮಾಡುವ ಉಪಕಾರ ಎಂದುಕೊಂಡಾಗಲೇ 'ಎಲ್ಲರಿಗೂ ಕೊಡಬೇಕು' ಎಂಬ ಭಯ ಹುಟ್ಟುವುದು. ಕಾರಣ ನೆಲದಲ್ಲಿದ್ದರೆ ವಿನಾಯಿತಿ ಆ ನೆಲಕ್ಕೇ ನಿಲ್ಲುತ್ತದೆ, ಪಕ್ಕದ ನೇರ ಸೈಟಿನವರು ಅದನ್ನು ತೋರಿಸಿ ಕೇಳಲಾಗದು.

ನಿಮ್ಮ ಲೆಕ್ಕವನ್ನೇ ಅರ್ಜಿಯಲ್ಲಿ ಹಾಕಿ. ಹಿಂದಿನ ಗಡಿಯ ಹತ್ತಿರ 20 ಅಡಿಯಲ್ಲಿ ಎರಡು ಕಡೆ ಐದೈದು ಹೋದರೆ ಹೊರಗೆರೆ 10 ಅಡಿ. ಎರಡು ಒಂಬತ್ತಿಂಚಿನ ಗೋಡೆ ಕಳೆದರೆ ಒಳಗೆ ಎಂಟೂವರೆ ಅಡಿ. ಆರು ಅಡಿಯ ಮಂಚ ಅಡ್ಡ ಹಾಕಿದರೆ ಉಳಿಯುವುದು ಎರಡೂವರೆ ಅಡಿ, ಬೀರು ಇಡಲು ಜಾಗವಿಲ್ಲ. ಒಂದು ಪಕ್ಕ ಮೂರೂವರೆ ಆದರೆ ಒಳಗೆ 10 ಅಡಿ ಸಿಗುತ್ತದೆ. ಇದನ್ನು ಒಂದು ಹಾಳೆಯಲ್ಲಿ ಎರಡು ಚಿತ್ರವಾಗಿ, ಷರತ್ತಿನಂತೆ ಹೀಗೆ, ವಿನಾಯಿತಿ ಸಿಕ್ಕರೆ ಹೀಗೆ ಎಂದು ಬರೆಸಿ ಕೊಡಿ. 'ಕಷ್ಟವಾಗುತ್ತಿದೆ, ದಯವಿಟ್ಟು' ಎಂಬ ಅರ್ಜಿಗಿಂತ ಈ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಕಮಿಟಿಯವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು. ತೊಂದರೆ ಸೈಟಿನ ಆಕಾರ, ಇಳಿಜಾರು, ಬಂಡೆ, ಹಳೇ ಬಾವಿ ಇಂಥದರಿಂದ ಬಂದದ್ದೇ, ಅಥವಾ ಮಾಲೀಕರು ದೊಡ್ಡ ಮನೆ ಬಯಸಿದ್ದರಿಂದ ಬಂದದ್ದೇ? ನಕ್ಷೆ ಬದಲಿಸಿದರೆ ವಿನಾಯಿತಿ ಇಲ್ಲದೆಯೂ ಪರಿಹಾರವಾಗುತ್ತದೆಯೇ? ಕೇಳಿದ್ದು ಅಗತ್ಯವಿರುವಷ್ಟೇ, ಅಥವಾ ಚೌಕಾಸಿಗೆಂದು ಹೆಚ್ಚು ಕೇಳಿದ್ದಾರೆಯೇ? ಪಕ್ಕದವರ ಬೆಳಕು, ಗಾಳಿ, ನೀರಿನ ದಾರಿಗೆ ಏನಾಗುತ್ತದೆ? ಮೊದಲ ಪ್ರಶ್ನೆಗೇ ಉತ್ತರ 'ದೊಡ್ಡ ಮನೆ ಬೇಕು' ಎಂದಾದರೆ ಉಳಿದವನ್ನು ಕೇಳಬೇಕಾದ್ದಿಲ್ಲ. ಮನೆಯಲ್ಲಿ ಗಾಲಿಕುರ್ಚಿ ಬಳಸುವವರಿದ್ದು ರ‍್ಯಾಂಪ್‌ಗೆ ವಿನಾಯಿತಿ ಕೇಳಿದರೆ ಮಾತ್ರ ಈ ಅಳತೆಗೋಲು ಬೇಡ, ಕೊಟ್ಟುಬಿಡಿ. ಎಷ್ಟು ಅಡಿ ಎಂಬುದಷ್ಟೇ ಚರ್ಚೆಯಾಗಲಿ. ಅದರ ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ ಏರಿಗಿಂತ ಕಡಿದಾಗಿರಬಾರದು. ಎರಡಡಿ ಎತ್ತರದ ಪಾಯಕ್ಕೆ 24 ಅಡಿ ಬೇಕಾಗುತ್ತದೆ, ಅದು ಮುಂದಿನ ಸೆಟ್‌ಬ್ಯಾಕಿನಲ್ಲಿ ತಿರುಗಿಸಿ ಕಟ್ಟದೆ ಕೂರುವುದಿಲ್ಲ.

ಅಸೋಸಿಯೇಷನ್ ಸಡಿಲಿಸಬಹುದಾದದ್ದು ತಾನೇ ಹಾಕಿದ ಐದು ಅಡಿಯನ್ನು ಮಾತ್ರ. ತಮಿಳುನಾಡು ಸಂಯುಕ್ತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳು, 2019 ನಿಮ್ಮ ಸೈಟಿಗೆ ಎಷ್ಟು ಹೇಳುತ್ತವೋ ಅದರ ಕೆಳಗೆ ಹೋಗುವ ಅಧಿಕಾರ ಯಾವ ಕಮಿಟಿಗೂ ಇಲ್ಲ, ಪಕ್ಕದವರು ಬಾಂಡ್ ಪೇಪರಿನಲ್ಲಿ ಬರೆದುಕೊಟ್ಟರೂ ಇಲ್ಲ.

ಪಕ್ಕದ ಮತ್ತು ಹಿಂದಿನ ಮನೆಯವರಿಗೆ ನಕ್ಷೆಯ ಪ್ರತಿ ಸಹಿತ 15 ದಿನದ ನೋಟಿಸ್ ಹೋಗಲಿ. ಅವರ ಮಾತು ಕೇಳುವುದು ಕಡ್ಡಾಯವಾಗಿರಲಿ, ಆದರೆ ಅವರ 'ಬೇಡ' ಎಂಬ ಒಂದು ಪದವೇ ತೀರ್ಪಾಗದಿರಲಿ, 'ಆಗಬಹುದು' ಎಂಬುದೂ ಹಾಗೆಯೇ. ಇವತ್ತಿನ ಪಕ್ಕದವರು ನಾಳೆ ಮನೆ ಮಾರಿ ಹೋಗುತ್ತಾರೆ, ಗೋಡೆ ಅಲ್ಲೇ ಇರುತ್ತದೆ. ಅರ್ಜಿದಾರರ ನೆಂಟರೋ ಪಕ್ಕದ ಮನೆಯವರೋ ಕಮಿಟಿಯಲ್ಲಿದ್ದರೆ ಆ ಚರ್ಚೆಯಿಂದ ಎದ್ದು ಹೋಗಲಿ, ಎದ್ದು ಹೋದದ್ದನ್ನು ನಡಾವಳಿಯಲ್ಲಿ ಬರೆಯಿರಿ.

ಒಪ್ಪಿದರೆ ನಿರ್ಣಯ ಹೀಗಿರಲಿ: 'ಸೈಟು ಹಿಂಬದಿಗೆ 20 ಅಡಿಗೆ ಕಿರಿದಾಗುವ ಕಾರಣ, ಪೂರ್ವ ಪಕ್ಕದಲ್ಲಿ ಹಿಂದಿನ ಗಡಿಯಿಂದ 14 ಅಡಿ ಉದ್ದದವರೆಗೆ ಮಾತ್ರ, ನೆಲ ಮತ್ತು ಮೊದಲ ಮಹಡಿಗೆ, ಸೆಟ್‌ಬ್ಯಾಕನ್ನು 5 ಅಡಿಯಿಂದ 3 ಅಡಿ 6 ಇಂಚಿಗೆ ಇಳಿಸಿದೆ. ಈ ಭಾಗದ ಗೋಡೆಯಲ್ಲಿ ನೆಲದಿಂದ 7 ಅಡಿಗಿಂತ ಕೆಳಗೆ ಕಿಟಕಿ ಇರಬಾರದು. ಸಜ್ಜಾ, ಎಸಿ ಯಂತ್ರ, ಕೊಳವೆ ಈ ಜಾಗಕ್ಕೆ ಚಾಚಬಾರದು. ಲಗತ್ತಿಸಿದ ನಕ್ಷೆಯಂತೆ 12 ತಿಂಗಳೊಳಗೆ ಕೆಲಸ ಶುರುವಾಗದಿದ್ದರೆ ವಿನಾಯಿತಿ ರದ್ದು.' ಯಾವ ಪಕ್ಕ, ಎಷ್ಟು ಉದ್ದ, ಯಾವ ಮಹಡಿ ಎಂದು ಬರೆಯದ ವಿನಾಯಿತಿಯನ್ನು ಮುಂದಿನ ಮಾಲೀಕರು ಇಡೀ ಗೋಡೆಗೆ, ಮೂರನೇ ಮಹಡಿಗೂ ಎಳೆಯುತ್ತಾರೆ. ನಿರಾಕರಿಸಿದರೂ ಕಾರಣ ಬರೆಯಲೇಬೇಕು. ನಿಮಗೆ ಬಾಯಿಮಾತಿನ ಉತ್ತರ ಮಾತ್ರ ಸಿಕ್ಕಿದ್ದರೆ, ಮೇಲಿನ ಹಾಳೆಯೊಂದಿಗೆ ಹೊಸ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಸರ್ವಸದಸ್ಯರ ಸಭೆಯ ವಿಷಯಪಟ್ಟಿಗೆ ಸೇರಿಸಲು ಕೇಳಿ.

ಪ್ರಶ್ನೆ: ನಮ್ಮ ಬೀದಿಯ ಒಬ್ಬರು ಒಪ್ಪಿಗೆ ಪಡೆದ ನಕ್ಷೆಗಿಂತ ಬಾಲ್ಕನಿಯನ್ನು ಎರಡು ಅಡಿ ಮುಂದೆ ತಂದಿದ್ದಾರೆ. ಈಗ 'ಕಟ್ಟಿ ಆಗಿದೆ, ವಿನಾಯಿತಿ ಕೊಡಿ, ದಂಡ ಕಟ್ಟುತ್ತೇನೆ' ಎನ್ನುತ್ತಾರೆ. (ಹೊಸೂರು)

ಉತ್ತರ: ದಂಡ ಕಟ್ಟಿಸಿಕೊಂಡು ಬಿಡುವುದು ವಿನಾಯಿತಿಯಲ್ಲ, ಮಾರಾಟ. ಮುಂದೆ ಕಟ್ಟುವ ಪ್ರತಿಯೊಬ್ಬರೂ ಆ ದಂಡವನ್ನು ಸಿಮೆಂಟಿನ ಜೊತೆ ಖರ್ಚಿಗೆ ಸೇರಿಸಿಕೊಳ್ಳುತ್ತಾರೆ.

ಮೊದಲು ಅಳೆಯಿರಿ, ಇಬ್ಬರ ಮುಂದೆ ಅಳೆದು ಫೋಟೋ ತೆಗೆದು ಸಹಿ ಮಾಡಿಸಿ. ಬಾಲ್ಕನಿ ಸರ್ಕಾರದ ಅನುಮತಿಯ ನಕ್ಷೆಯನ್ನೂ ಮೀರಿದ್ದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. 1971ರ ತಮಿಳುನಾಡು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 56 ಮತ್ತು 57ನೇ ಸೆಕ್ಷನ್ನುಗಳಂತೆ ತೆರವು ಮಾಡಿಸುವ, ಕೆಲಸ ನಿಲ್ಲಿಸುವ ಅಧಿಕಾರ ಯೋಜನಾ ಪ್ರಾಧಿಕಾರದ್ದು. ಕಟ್ಟಿ ಹಣ ಖರ್ಚಾಗಿದೆ, ತುಂಬ ದಿನವಾಗಿದೆ ಎಂಬುದು ಅಕ್ರಮ ಕಟ್ಟಡವನ್ನು ಸಕ್ರಮ ಮಾಡುವುದಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿದೆ.

ಮೀರಿದ್ದು ಅಸೋಸಿಯೇಷನ್ ಷರತ್ತನ್ನು ಮಾತ್ರವಾದರೆ ಅರ್ಜಿಯನ್ನು ಕಟ್ಟಿಯೇ ಇಲ್ಲ ಎಂಬಂತೆ ನೋಡಿ. ಕಟ್ಟುವ ಮೊದಲು ಕೇಳಿದ್ದರೆ ಕೊಡುತ್ತಿದ್ದೆವೇ? ಹೌದಾದರೆ ಷರತ್ತು ಹಾಕಿ ಕೊಡಿ, ಇಲ್ಲವಾದರೆ ಕಟ್ಟಿದ್ದಾರೆಂಬ ಕಾರಣಕ್ಕೆ ಕೊಡಬೇಡಿ. ಮತ್ತೆ, ತಡ ಮಾಡಬೇಡಿ. ಕಣ್ಣೆದುರೇ ಕಟ್ಟುವುದನ್ನು ನೋಡಿಕೊಂಡು ಸುಮ್ಮನಿದ್ದವರಿಗೆ ಆಮೇಲೆ ತಡೆಯಾಜ್ಞೆ ಸಿಗುವುದು ಕಷ್ಟ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 41ನೇ ಸೆಕ್ಷನ್ನು, ತಾನೇ ಒಪ್ಪಿ ನಡೆಯಗೊಟ್ಟ ಉಲ್ಲಂಘನೆಯನ್ನು ತಡೆಯಲು ಆಜ್ಞೆ ಕೊಡಲಾಗದು ಎನ್ನುತ್ತದೆ. ಶಟರಿಂಗ್ ಕಂಡ ದಿನವೇ ಬರವಣಿಗೆಯ ನೋಟಿಸ್ ಹೋಗಬೇಕು. ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಕೋಪದ ಸಂದೇಶ ನೋಟಿಸ್ ಅಲ್ಲ.

ಪ್ರಶ್ನೆ: ರಾಯಕೋಟೆ ರಸ್ತೆಯಲ್ಲಿ ಎರಡನೇ ಕೈಯಿಂದ ವಿಲ್ಲಾ ಕೊಂಡೆ. ಬಿಲ್ಡರ್ ಮೊದಲ ಮಾಲೀಕರಿಂದ ಬರೆಸಿಕೊಂಡ ಷರತ್ತುಗಳು ನನಗೂ ಅನ್ವಯವೇ? ನಾನು ಸಹಿ ಹಾಕಿಲ್ಲ.

ಉತ್ತರ: ಸಹಿ ಹಾಕಿಲ್ಲ ಎಂಬುದೊಂದೇ ನಿಮ್ಮನ್ನು ಬಿಡಿಸುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 11ನೇ ಸೆಕ್ಷನ್, ಕೊಂಡವರ ಅನುಭೋಗಕ್ಕೆ ಅಡ್ಡಿಯಾಗುವ ಷರತ್ತು ನಿಲ್ಲುವುದಿಲ್ಲ ಎಂದು ಹೇಳಿ, ಮಾರಿದವರ ಇನ್ನೊಂದು ಸ್ವತ್ತಿನ ಪ್ರಯೋಜನಕ್ಕಾಗಿ ಹಾಕಿದ ಷರತ್ತನ್ನು ಮಾತ್ರ ಆ ಮಾತಿನಿಂದ ಹೊರಗಿಡುತ್ತದೆ, ಅಂದರೆ ಅಂಥದ್ದು ನಿಲ್ಲುತ್ತದೆ. 40ನೇ ಸೆಕ್ಷನ್‌ನಂತೆ, ಜಾಗವನ್ನು ಇಂಥ ರೀತಿ ಬಳಸಬಾರದು ಎಂಬ ನಿರ್ಬಂಧ ಇದೆ ಎಂದು ತಿಳಿದೂ ಕೊಂಡವರ ಮೇಲೆ ಅದನ್ನು ಜಾರಿ ಮಾಡಬಹುದು. ಇದರ ಮೂಲ 1848ರ ಟಲ್ಕ್ ಮತ್ತು ಮಾಕ್ಸೆ ಪ್ರಕರಣದಲ್ಲಿದೆ. ಲಂಡನ್ನಿನ ಲೆಸ್ಟರ್ ಚೌಕದ ತೋಟವನ್ನು ಕಟ್ಟಡವಿಲ್ಲದೆ ತೆರೆದಿಡುವ ಷರತ್ತಿನ ಮೇಲೆ 1808ರಲ್ಲಿ ಮಾರಿದ್ದರು. ಆ ಷರತ್ತು ಗೊತ್ತಿದ್ದೇ ಕೊಂಡವರು ನಾನು ಬರೆದುಕೊಟ್ಟಿಲ್ಲ ಎಂದಾಗ ನ್ಯಾಯಾಲಯ ಒಪ್ಪಲಿಲ್ಲ.

'ಮಾಡಬಾರದು' ಎಂಬ ಷರತ್ತು ಹೀಗೆ ಜಮೀನಿನ ಹಿಂದೆ ಬರುತ್ತದೆ: ಮೂರನೇ ಮಹಡಿ ಬೇಡ, ಅಂಗಡಿ ಬೇಡ, ಮುಂದಿನ ಜಾಗ ಮುಚ್ಚಬೇಡಿ. 'ಮಾಡಬೇಕು' ಎಂಬುದು, ಐದು ವರ್ಷಕ್ಕೊಮ್ಮೆ ಬಣ್ಣ ಬಳಿಯಿರಿ, ತಿಂಗಳಿಗೆ ಇಷ್ಟು ಕೊಡಿ ಎಂಬಂಥದ್ದು, ಹಾಗೆ ತಾನಾಗಿ ಬರುವುದಿಲ್ಲ. ಅದಕ್ಕೆ ಅಸೋಸಿಯೇಷನ್ನಿನ ಸದಸ್ಯತ್ವ ಬೇಕು, ಆಗ ಬೈಲಾ ನಿಮ್ಮನ್ನು ಕಟ್ಟುತ್ತದೆ. ನಿಮ್ಮ ಕ್ರಯಪತ್ರ, ಅದರ ಹಿಂದಿನ ಕ್ರಯಪತ್ರ ಎರಡನ್ನೂ ಷೆಡ್ಯೂಲಿನವರೆಗೆ ಓದಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಅವರ ಬಡಾವಣೆಯ ನಿಯಮಾವಳಿ ಕಳಿಸಿದ್ದಾಳೆ, ಬಹಳ ಅಚ್ಚುಕಟ್ಟಾಗಿದೆ. ನಮ್ಮ ಬೈಲಾಕ್ಕೆ ಹಾಗೆಯೇ ಹಾಕಿಕೊಳ್ಳಬಹುದೇ? (ಹೊಸೂರು)

ಉತ್ತರ: ಕ್ರಮವನ್ನು ತೆಗೆದುಕೊಳ್ಳಿ, ಅಧಿಕಾರವನ್ನು ತೆಗೆದುಕೊಳ್ಳಲಾಗದು. ಅಲ್ಲಿ ಷರತ್ತುಗಳ ಘೋಷಣೆ ಭೂದಾಖಲೆಯಲ್ಲೇ ನೋಂದಣಿಯಾಗಿರುತ್ತದೆ. ಸಂಘದ ಶುಲ್ಕ ಬಾಕಿ ಉಳಿದರೆ ಮನೆಯ ಮೇಲೆ ಋಣಭಾರ ಬೀಳುತ್ತದೆ, ಹಲವು ರಾಜ್ಯಗಳಲ್ಲಿ ಮನೆ ಹರಾಜಿಗೂ ಹೋಗಬಹುದು. ಇಲ್ಲಿ 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘಕ್ಕೆ ಆ ಬಲವಿಲ್ಲ. ಅಲ್ಲಿಯ ವಿನ್ಯಾಸ ಪರಿಶೀಲನಾ ಸಮಿತಿ, ಅರ್ಜಿ ನಮೂನೆ, ದಿನಗಳ ಗಡುವು, ಬರವಣಿಗೆಯ ಕಾರಣ, ಮೇಲ್ಮನವಿ, ಇವು ಇಲ್ಲಿಗೂ ಒಳ್ಳೆಯವು. ಗೋಡೆಯ ಬಣ್ಣಕ್ಕೆ 40 ಪುಟದ ನಿಯಮ ಬೇಡ. ಬೈಲಾ ತಿದ್ದುಪಡಿಗೆ ವಿಶೇಷ ನಿರ್ಣಯ ಬೇಕು, ಅದನ್ನು ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಬೇಕು ಎಂಬುದು ನೆನಪಿರಲಿ.

ಪ್ರಶ್ನೆ: ಸೋಲಾರ್ ಹಾಕಲು ಹೊರಟರೆ 'ಬೀದಿಗೆ ಕಾಣುತ್ತದೆ, ಬಡಾವಣೆಯ ಅಂದ ಕೆಡುತ್ತದೆ' ಎಂದು ಕಮಿಟಿ ತಡೆದಿದೆ. (ಡೆಂಕಣಿಕೋಟೆ ರಸ್ತೆ)

ಉತ್ತರ: ಸೋಲಾರಿಗೆ ವಿನಾಯಿತಿ ಕೇಳುವ ಸ್ಥಿತಿಯೇ ಇರಬಾರದು. ಕ್ಯಾಲಿಫೋರ್ನಿಯಾ 1978ರಲ್ಲೇ ಕಾನೂನು ಮಾಡಿ ಬಡಾವಣೆಗಳು ಸೋಲಾರನ್ನು ತಡೆಯದಂತೆ ಕೈಕಟ್ಟಿತು. ನಮ್ಮಲ್ಲಿ 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನವೂ ಇದೆ. ಅದಕ್ಕೆ ನೆರಳಿಲ್ಲದ ಸುಮಾರು 300 ಚದರಡಿ ಜಾಗ ಸಾಕು.

ಕಮಿಟಿಗೆ ಅಳತೆ ತೋರಿಸಿ. ಹೊಸೂರಿನ ಅಕ್ಷಾಂಶಕ್ಕೆ ದಕ್ಷಿಣಕ್ಕೆ 13 ಡಿಗ್ರಿ ಬಾಗಿಸಿದರೆ ಸಾಕು. 2.28 ಮೀಟರ್ ಉದ್ದದ ಫಲಕದ ಹಿಂದಿನ ಅಂಚು ಮುಂದಿನದಕ್ಕಿಂತ ಏಳುವುದು ಬರೀ 51 ಸೆಂಟಿಮೀಟರ್. ತಾರಸಿಯ ಸುತ್ತಲಿನ ಮೂರು ಅಡಿಯ ಮೋಟುಗೋಡೆಯ ಹಿಂದೆ ಅದು ಬೀದಿಗೆ ಕಾಣುವುದೇ ಇಲ್ಲ. ಕಾಣುವುದು, ಕೆಳಗೆ ಬಟ್ಟೆ ಒಣಹಾಕಲು ಜಾಗ ಉಳಿಯಲೆಂದು ಎಂಟು ಹತ್ತು ಅಡಿ ಎತ್ತರಕ್ಕೆ ಕಬ್ಬಿಣದ ಚೌಕಟ್ಟು ಏರಿಸಿದಾಗ. ತಗ್ಗಿನ ಚೌಕಟ್ಟಿಗೆ ಮಾಹಿತಿ ಕೊಟ್ಟರೆ ಸಾಕು, ಎತ್ತರದ ಚೌಕಟ್ಟಿಗೆ ನಕ್ಷೆ ಮತ್ತು ಎಂಜಿನಿಯರ್ ಸಹಿ ಬೇಕು ಎಂದು ಎರಡು ಸಾಲಿನ ನಿಯಮ ಮಾಡಿಕೊಳ್ಳಿ. ದಕ್ಷಿಣದ ಮೋಟುಗೋಡೆಯಿಂದ ಐದಡಿ ದೂರವಿಡಿ. ಡಿಸೆಂಬರಿನ ನಡುಹಗಲಲ್ಲೂ ಮೂರಡಿ ಗೋಡೆಯ ನೆರಳು ಎರಡಡಿಗೂ ಹೆಚ್ಚು ಬೀಳುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಉದ್ದ.

ಪ್ರಶ್ನೆ: ಕಾಸರಗೋಡಿನ ನಮ್ಮ ಕಾಲೊನಿಯಲ್ಲಿ 22 ಮನೆ. ತಾರಸಿಯ ಮೇಲೆ ಶೀಟು ಹಾಕಬಾರದು ಎಂಬ ಷರತ್ತಿದೆ. ಮಳೆಗೆ ತಾರಸಿ ಸೋರಿ ಈಗಾಗಲೇ ಆರು ಮನೆಯವರು ವಿನಾಯಿತಿ ಪಡೆದಿದ್ದಾರೆ, ಒಂದೊಂದೂ ಒಂದೊಂದು ಥರ. ಏಳನೆಯ ಅರ್ಜಿ ಬಂದಿದೆ.

ಉತ್ತರ: ಏಳನೆಯದಕ್ಕೆ ವಿನಾಯಿತಿ ಕೊಡಬೇಡಿ, ಷರತ್ತನ್ನೇ ಬದಲಿಸಿ. ಒಂದೇ ವಿನಾಯಿತಿಯನ್ನು ಮತ್ತೆ ಮತ್ತೆ ಕೇಳುತ್ತಾರೆಂದರೆ ತಪ್ಪು ಕೇಳುವವರಲ್ಲಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಚಪ್ಪಟೆ ತಾರಸಿಯ ಮೇಲೆ ಮಾಡು (ಶೀಟಿನ ಇಳಿಜಾರು ಛಾವಣಿ) ಹಾಕಬೇಡಿ ಎನ್ನುವ ಷರತ್ತನ್ನು ಬೇರೆಲ್ಲಿಂದಲೋ ತಂದಿರಬೇಕು. ಆರು ಮನೆ ಆರು ಥರ ಕಾಣುತ್ತಿರುವುದಕ್ಕೂ ಮೂಲ ಅದೇ: ಕಮಿಟಿ 'ಹಾಕಿಕೊಳ್ಳಿ' ಎಂದಿತು, ಹೇಗೆ ಎಂದು ಹೇಳಲಿಲ್ಲ.

ಹೊಸ ನಿಯಮದಲ್ಲಿ ಮಾದರಿ ಮಾಡೊಂದನ್ನು ಕೊಡಿ. ಎರಡು ಬಣ್ಣ, ಒಂದೇ ಇಳಿಜಾರು, ಮಾಡಿನ ತುದಿಯ ಗರಿಷ್ಠ ಎತ್ತರ, ಅಂಚು ಗಡಿಗೆರೆಯಿಂದ ಎಷ್ಟು ಒಳಗೆ ನಿಲ್ಲಬೇಕು ಎಂಬುದು. ನೀರಿನ ಲೆಕ್ಕ ಮುಖ್ಯ. ಗಂಟೆಗೆ 100 ಮಿಲಿಮೀಟರ್ ಸುರಿದಾಗ 100 ಚದರ ಮೀಟರಿನ ಮಾಡಿನಿಂದ ಗಂಟೆಗೆ 10,000 ಲೀಟರ್, ಅಂದರೆ ಸೆಕೆಂಡಿಗೆ 2.8 ಲೀಟರ್ ಇಳಿಯುತ್ತದೆ. ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆಯಿಲ್ಲದಿದ್ದರೆ ಅದಷ್ಟೂ ಪಕ್ಕದ ಮನೆಯ ಕೆಂಪುಕಲ್ಲಿನ ಗೋಡೆಗೆ ಚಿಮ್ಮುತ್ತದೆ. ಪ್ಲಾಸ್ಟರಿಲ್ಲದ ಕೆಂಪುಕಲ್ಲು ನೀರು ಕುಡಿದರೆ ಒಳಗೋಡೆ ತಿಂಗಳುಗಟ್ಟಲೆ ಒಣಗುವುದಿಲ್ಲ. ಸುಮಾರು 40 ಚದರ ಮೀಟರಿಗೆ ಒಂದರಂತೆ ನಾಲ್ಕಿಂಚಿನ ಇಳಿಕೊಳವೆ ಕಡ್ಡಾಯ ಮಾಡಿ. 100 ಚದರ ಮೀಟರಿಗೆ ಮೂರು.

ಕಂಬಗಳನ್ನು ತಾರಸಿಯ ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟ್ ಮಾಡಿದರೆ ಸೋರಿಕೆ ನಿಲ್ಲಿಸಲು ಹಾಕಿದ ಮಾಡೇ ಹೊಸ ಸೋರಿಕೆ ತರುತ್ತದೆ. ಕೆಳಗಿನ ಕಾಂಕ್ರೀಟ್ ಕಂಬಗಳ ನೇರಕ್ಕೆ, ಸಣ್ಣ ಕಾಂಕ್ರೀಟ್ ದಿಮ್ಮಿ ಏರಿಸಿ ಅದರ ಮೇಲೆ ಬೇಸ್‌ಪ್ಲೇಟ್ ಕೂರಿಸಬೇಕು. ಬದಿ ತೆರೆದ ಮಾಡನ್ನು ಗಾಳಿ ಕೆಳಗಿನಿಂದ ಎತ್ತುತ್ತದೆ, ಆದ್ದರಿಂದ ಭಾರ ಹೊರುವುದಕ್ಕಿಂತ ಹಿಡಿದು ನಿಲ್ಲುವುದನ್ನು ಎಂಜಿನಿಯರ್ ನೋಡಿರಬೇಕು. ಇನ್ನೊಂದು: ಶೀಟನ್ನು ಗ್ರೈಂಡರ್ ಚಕ್ರದಿಂದ ಕತ್ತರಿಸಲು ಬಿಡಬೇಡಿ. ಅದರ ಕಿಡಿಗೆ ಅಂಚಿನ ಲೇಪ ಸುಟ್ಟು, ಕಡಲ ಗಾಳಿಯ ಉಪ್ಪಿಗೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಕತ್ತರಿಯಲ್ಲಿ ಕೊಯ್ಯಿಸಿ.

ಬದಿಗಳನ್ನು ಇಟ್ಟಿಗೆಯಿಂದಲೋ ಶೀಟಿನಿಂದಲೋ ಮುಚ್ಚಿದರೆ ಅದು ಮಾಡಲ್ಲ, ಇನ್ನೊಂದು ಮಹಡಿ ಎಂದು ನಿಯಮದಲ್ಲಿ ಬರೆಯಿರಿ. ಪಂಚಾಯತಿನಲ್ಲಿ 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳಂತೆ ಕೇಳಿಕೊಂಡೇ ಕೆಲಸ ಶುರುಮಾಡಿ. ಅಲ್ಲಿಯ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕು ಕಾಸರಗೋಡಿನ ಕನ್ನಡಿಗರಿಗಿದೆ, ಅದನ್ನು ಬಳಸಿ. ಆರು ಹಳೆಯ ಮಾಡುಗಳಿಗೆ ಶೀಟು ಬದಲಿಸುವಾಗ ಹೊಸ ಮಾದರಿಗೆ ಬರಬೇಕೆಂದು ಅವಕಾಶ ಕೊಡಿ, ಈಗಲೇ ಕಿತ್ತುಹಾಕಿ ಎನ್ನಬೇಡಿ.

ಪ್ರಶ್ನೆ: ಸೊಲ್ಲಾಪುರದ ಹೋಟಗಿ ರಸ್ತೆಯ ಸಹಕಾರಿ ಹೌಸಿಂಗ್ ಸೊಸೈಟಿಯಲ್ಲಿ ಎರಡನೇ ಮಹಡಿಯ ಫ್ಲ್ಯಾಟಿನವರು ಅಡುಗೆಮನೆ ಗೋಡೆ ಒಡೆದು, ಬಚ್ಚಲನ್ನು ಬೇರೆಡೆಗೆ ಸಾಗಿಸಲು ಹೊರಟಿದ್ದಾರೆ. ತಮ್ಮ ಫ್ಲ್ಯಾಟಿನ ಒಳಗಿನದು ತಮ್ಮಿಷ್ಟ ಎನ್ನುತ್ತಾರೆ.

ಉತ್ತರ: ತಮ್ಮಿಷ್ಟವಲ್ಲ. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯಡಿಯ ಮಾದರಿ ಬೈಲಾದಂತೆ ಫ್ಲ್ಯಾಟಿನ ಒಳಗಿನ ಮಾರ್ಪಾಟಿಗೂ ಕಮಿಟಿಯ ಬರವಣಿಗೆಯ ಅನುಮತಿ ಬೇಕು, ರಚನೆ ಮುಟ್ಟುವುದಾದರೆ ಮಹಾನಗರ ಪಾಲಿಕೆಯದೂ ಬೇಕು. ಹಳೇ ಕಟ್ಟಡದಲ್ಲಿ ಗೋಡೆಯೇ ಭಾರ ಹೊರುತ್ತಿರಬಹುದು. ಒಂಬತ್ತಿಂಚಿನದೋ ನಾಲ್ಕೂವರೆಯದೋ, ಮೇಲೆ ತೊಲೆ ಇದೆಯೋ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಬರೆದುಕೊಡುವ ತನಕ ಸುತ್ತಿಗೆ ಮುಟ್ಟಬಾರದು. ಬಚ್ಚಲು ಕೆಳಗಿನವರ ಅಡುಗೆಮನೆ ಅಥವಾ ಮಲಗುವ ಕೋಣೆಯ ಮೇಲೆ ಬರುವುದಾದರೆ ಅಲ್ಲಿಗೇ ನಿರಾಕರಿಸಿ. ಎಷ್ಟೇ ವಾಟರ್‌ಪ್ರೂಫಿಂಗ್ ಮಾಡಿದರೂ ಆ ಸೋರಿಕೆಯ ಜಗಳ ತಪ್ಪಿದ್ದಲ್ಲ. ಒಪ್ಪದಿದ್ದರೆ ಅದೇ ಕಾಯ್ದೆಯ 91ನೇ ಸೆಕ್ಷನ್ನಿನಂತೆ ಸಹಕಾರಿ ನ್ಯಾಯಾಲಯಕ್ಕೆ ಹೋಗಬಹುದು.

ಪ್ರಶ್ನೆ: ಮೂಲೆ ಸೈಟಿನವರು ಪಾರ್ಕಿನ ಕಡೆಗೆ ಮೂರು ಅಡಿ ಜಾಗ ಬಿಟ್ಟುಕೊಡಿ ಎಂದು ಕೇಳಿದ್ದಾರೆ. ಸರ್ವಸದಸ್ಯರ ಸಭೆ ಒಪ್ಪಿದರೆ ಕೊಡಬಹುದೇ? (ಬಾಗಲೂರು)

ಉತ್ತರ: ಸಭೆಯಲ್ಲಿ ಒಬ್ಬರೂ ಬಿಡದೆ ಕೈಯೆತ್ತಿದರೂ ಕೊಡಲಾಗದು. ತಮಿಳುನಾಡಿನಲ್ಲಿ ದೊಡ್ಡ ಬಡಾವಣೆಗೆ ಮಂಜೂರಾತಿ ಸಿಗುವಾಗಲೇ ರಸ್ತೆಗಳನ್ನೂ ಶೇ. 10ರ ತೆರೆದ ಜಾಗವನ್ನೂ ಸ್ಥಳೀಯ ಸಂಸ್ಥೆಗೆ ದಾನಪತ್ರ ಮಾಡಿಕೊಟ್ಟಿರುತ್ತಾರೆ. ಗೇಟಿಗೆ ನಿಮ್ಮ ಕಾವಲುಗಾರ ನಿಂತಿದ್ದರೂ ಪಾರ್ಕು ನಿಮ್ಮದಲ್ಲ. ರಸ್ತೆಗೆ ಚಾಚುವ ಕಾರಿನ ಇಳಿಜಾರು, ಮೋರಿಯ ಮೇಲಿನ ಮೆಟ್ಟಿಲು, ರಸ್ತೆಯ ಅಂಚಿನ ಸೆಪ್ಟಿಕ್ ಟ್ಯಾಂಕು, ಎಲ್ಲದಕ್ಕೂ ಇದೇ ಉತ್ತರ. ದಾನಪತ್ರದ ಪ್ರತಿ ತೆಗೆಸಿ ಕಡತದಲ್ಲಿಡಿ.

ಪ್ರಶ್ನೆ: ಕಮಿಟಿ ಬದಲಾದಾಗಲೆಲ್ಲ ಹಳೇ ವಿನಾಯಿತಿಗಳ ಕಾಗದ ಸಿಗುವುದಿಲ್ಲ. ಏನು ಮಾಡಬೇಕು? (ಮತ್ತಿಗಿರಿ)

ಉತ್ತರ: ಪುಟಸಂಖ್ಯೆ ಅಚ್ಚಾದ ಗಟ್ಟಿ ರಟ್ಟಿನ ರಿಜಿಸ್ಟರ್ ಒಂದನ್ನು ತನ್ನಿ. ಸೈಟಿಗೆ ಎದುರುಬದುರಿನ ಎರಡು ಪುಟದಂತೆ, ಎಡಪುಟದಲ್ಲಿ ಅರ್ಜಿಯ ದಿನ, ಕೇಳಿದ್ದು, ನೋಟಿಸ್ ಯಾರಿಗೆ ಹೋಯಿತು. ಬಲಪುಟದಲ್ಲಿ ನಿರ್ಣಯ, ಕಾರಣ, ಷರತ್ತು, ಮೂರು ಹಂತದಲ್ಲಿ ಅಳೆದ ಅಂಕಿ, ಅಳೆದವರ ಸಹಿ. ನಿರಾಕರಿಸಿದ್ದನ್ನೂ ಬರೆಯಿರಿ. ಒಪ್ಪಿದ ನಕ್ಷೆಯ ಮೂರು ಪ್ರತಿಗೆ ಮುದ್ರೆ ಹಾಕಿ, ಒಂದು ಮಾಲೀಕರಿಗೆ, ಒಂದು ಕಡತಕ್ಕೆ, ಇನ್ನೊಂದನ್ನು ಸ್ಕ್ಯಾನ್ ಮಾಡಿ ಅಸೋಸಿಯೇಷನ್ನಿನ ಸ್ವಂತ ಇಮೇಲ್ ಖಾತೆಯಲ್ಲಿಡಿ, ಕಾರ್ಯದರ್ಶಿಯ ಖಾಸಗಿ ಮೊಬೈಲಿನಲ್ಲಲ್ಲ. ಅಧಿಕಾರ ಹಸ್ತಾಂತರದ ದಿನ ಹಳಬರು ಹೊಸಬರು ಇಬ್ಬರೂ ರಿಜಿಸ್ಟರಿನ ಕೊನೆಯ ತುಂಬಿದ ಪುಟಕ್ಕೆ ಸಹಿ ಹಾಕಲಿ. ಮನೆ ಮಾರುವಾಗ ಆ ಸೈಟಿನ ಪುಟಗಳ ದೃಢೀಕೃತ ನಕಲನ್ನು ಕೊಳ್ಳುವವರಿಗೆ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ. ಮುಂದೆ 'ನನಗೆ ತಿಳಿದಿರಲಿಲ್ಲ' ಎಂಬ ಮಾತು ಬಂದರೆ ಸ್ವತ್ತು ವರ್ಗಾವಣೆ ಕಾಯ್ದೆಯ 40ನೇ ಸೆಕ್ಷನ್ನಿಗೆ ಬೇಕಾದ ತಿಳಿವಳಿಕೆಯ ಪುರಾವೆ ಆ ಒಂದು ಸಹಿಯೇ.